ರಕ್ಕಸ ಬಲದ ಕಥಾನಾಯಕರು

ಕಳೆದ ಬೇಸಗೆಯ ರಜೆಯಲ್ಲಿ ನಂಜನಗೂಡಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗ ಒಂದು ಮಧ್ಯಾಹ್ನ ಜಗುಲಿಯ ಮೇಲೆ ಬೋರಲಾಗಿ ಮಲಗಿಕೊಂಡು ಚಿತ್ರಕಥೆಯ ಪುಸ್ತಕವೊಂದನ್ನು ಓದುತ್ತಿದ್ದ. ಪಕ್ಕದಲ್ಲಿ ಹೂವು ಕಟ್ಟುತ್ತ ಕುಳಿತಿದ್ದ ಅವನ ಅಜ್ಜಿ ಪುಸ್ತಕದ ಕಡೆ ಬಗ್ಗಿ ನೋಡಿದವಳು ಹಾಗೆಯೇ ಬೆಚ್ಚಿ ಹಿಂದೆ ಸರಿದಳು. ಪುಟದ ತುಂಬ ಒಬ್ಬ ದೈತ್ಯ. ಮೈಯೆಲ್ಲ ಕೆಂಪು, ಹಿಂದೆ ಬಾಲ, ಹಣೆಯ ಮೇಲೆ ಕೊಂಬು ಕತ್ತರಿಸಿದ ಎರಡು ಮೋಟುಗಳು, ಬಲಗೈ ಒರಳುಕಲ್ಲಿನಷ್ಟು ದಪ್ಪ.

“ಇದೇನೋ ಮಗು, ರಾಕ್ಷಸನ ಪುಸ್ತಕ ಓದ್ತಾ ಇದ್ದೀಯಾ?”

“ರಾಕ್ಷಸ ಅಲ್ಲ ಅಜ್ಜಿ, ಹೀರೋ.”

“ಹೀರೋಗೆ ಕೊಂಬು ಯಾಕೋ?”

ಹುಡುಗ ಕೊಂಚ ಯೋಚಿಸಿ, “ರಾಕ್ಷಸನೂ ಹೌದು, ಹೀರೋನೂ ಹೌದು” ಎಂದ.

ಅಜ್ಜಿ ನನ್ನ ಮುಖ ನೋಡಿದಳು. ತಮ್ಮ ಮನೆಗಳಲ್ಲಿಯೂ ಇಂಥ ಪ್ರಸಂಗ ನಡೆದಿರಬಹುದು. ಮಕ್ಕಳ ಕೈಯಲ್ಲಿ ಇಂಥ ಪುಸ್ತಕ ಕಂಡಾಗ ಕಿತ್ತು ಒಳಗಿಡಬೇಕೆ, ನಕ್ಕು ಸುಮ್ಮನಾಗಬೇಕೆ ಎಂಬ ಅನುಮಾನ ಹಿರಿಯರಿಗೆ ಸಹಜ. ನನಗೂ ಬಂತು. ಆದರೆ ಪುಸ್ತಕವನ್ನು ಇಸಿದುಕೊಂಡು ಓದಿದ ಮೇಲೆ, ಈ ಕೆಂಪು ಮೈಯವನಿಗೆ ನಮ್ಮ ಕಡೆ ಬಹಳ ಹತ್ತಿರದ ನೆಂಟರು ಇದ್ದಾರೆಂಬುದು ನೆನಪಾಯಿತು. ಆ ನೆಂಟಸ್ತಿಕೆಯ ವಿಚಾರವನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ಪುಸ್ತಕದವನ ಕುಲಗೋತ್ರ. ಅವನ ಹೆಸರು ಹೆಲ್‌ಬಾಯ್. ಕನ್ನಡದಲ್ಲಿ ನರಕದ ಹುಡುಗ ಎನ್ನಬಹುದು. ಮೈಕ್ ಮಿಗ್ನೋಲ ಎಂಬ ಅಮೆರಿಕದ ಚಿತ್ರಕಾರ ಅವನನ್ನು 1993ರಲ್ಲಿ ಓದುಗರ ಮುಂದೆ ತಂದ. ಕಥೆ ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ಆರಂಭವಾಗುತ್ತದೆ. ಸೋಲುವ ಅಂಚಿಗೆ ಬಂದ ನಾಜಿಗಳು ಮಾಟಗಾರನೊಬ್ಬನ ನೆರವಿನಿಂದ ಸ್ಕಾಟ್ಲೆಂಡಿನ ಬಳಿಯ ದ್ವೀಪವೊಂದರಲ್ಲಿ ಹೋಮದಂಥ ಏನನ್ನೋ ನಡೆಸಿ, ಜಗತ್ತನ್ನೇ ಹಾಳುಮಾಡಬಲ್ಲ ಶಕ್ತಿಯೊಂದನ್ನು ನರಕದಿಂದ ಕರೆಯುತ್ತಾರೆ. ದಿನಾಂಕವನ್ನೂ ಕಥೆಗಾರ ಕೊಟ್ಟಿದ್ದಾನೆ: 1944ರ ಡಿಸೆಂಬರ್ 23. ಬಂದದ್ದೇನು? ಒಂದು ಕೆಂಪು ಮಗು. ಅದೂ ಅವರ ಕೈಗೆ ಸಿಗದೆ ಎದುರು ಪಕ್ಷದವರಿಗೆ ಸಿಕ್ಕಿತು. ಪ್ರೊಫೆಸರ್ ಒಬ್ಬರು ಅದನ್ನು ಮಗನಂತೆ ಸಾಕಿದರು. ಬೆಳೆದ ಹುಡುಗ ದೆವ್ವ ಭೂತಗಳ ಕಾಟದಿಂದ ಜನರನ್ನು ಕಾಯುವ ಸರ್ಕಾರಿ ಇಲಾಖೆಯೊಂದರ ನೌಕರನಾದ! ಕೊಂಬುಗಳನ್ನು ಬೆಳೆಯಗೊಡದೆ ಮೋಟುಮಾಡಿಕೊಂಡ. ಆದರೆ ಅವನ ಕಲ್ಲಿನ ಬಲಗೈ ಇರುವುದು ಲೋಕದ ಅಂತ್ಯದ ಬಾಗಿಲನ್ನು ತೆರೆಯುವುದಕ್ಕೇ ಎಂದು ಎಲ್ಲ ದೆವ್ವಗಳೂ ಅವನಿಗೆ ನೆನಪು ಮಾಡುತ್ತಲೇ ಇರುತ್ತವೆ. ಅವನು ಅದೇ ಕೈಯಿಂದ ಅವಕ್ಕೆ ಗುದ್ದುತ್ತಾನೆ. ಒಟ್ಟು ಕಥೆಯ ಬಿಗಿ ಇಷ್ಟರಲ್ಲಿಯೇ ಇದೆ.

ಇದರಲ್ಲಿ ಎರಡೇ ಪುಟದ ಒಂದು ಪುಟ್ಟ ಕಥೆ ನನಗೆ ಬಹಳ ಹಿಡಿಸಿತು. 1999ರಲ್ಲಿ ಬಂದದ್ದು. ಚಿಕ್ಕವನಾಗಿದ್ದಾಗ ಹೆಲ್‌ಬಾಯ್‌ಗೆ ಬೆಳಗಿನ ತಿಂಡಿಗೆ ಪ್ಯಾನ್‌ಕೇಕ್ ಹಾಕುತ್ತಾರೆ. ನಮ್ಮ ಸಿಹಿ ದೋಸೆಯಂಥದು. ಬೇಡವೆಂದು ಹಟ ಹಿಡಿದವನು ಒಂದು ತುತ್ತು ಬಾಯಿಗಿಟ್ಟು, ಚೆನ್ನಾಗಿದೆ ಎನ್ನುತ್ತಾನೆ. ಅಷ್ಟೇ. ಅತ್ತ ನರಕದಲ್ಲಿ ಹಾಹಾಕಾರವೇಳುತ್ತದೆ: ಹುಡುಗ ಮನುಷ್ಯರ ಊಟದ ರುಚಿ ಕಂಡ, ಇನ್ನು ಅವನು ನಮ್ಮವನಾಗಿ ಬರುವುದಿಲ್ಲ ಎಂದು. ಇದನ್ನು ಓದಿ ಹೇಳಿದಾಗ ಮೊಮ್ಮಗನ ಅಜ್ಜಿಗೆ ಅವನ ಮೇಲಿದ್ದ ಕೋಪ ಅರ್ಧ ಇಳಿಯಿತು. “ನಮ್ಮೂರ ರಸಬಾಳೆ ಕೊಟ್ಟಿದ್ದರೆ ಇನ್ನೂ ಬೇಗ ಒಲಿಯುತ್ತಿದ್ದ” ಎಂದಳು.

ಇಂಥ ನಾಯಕ ಇವನೊಬ್ಬನೇ ಅಲ್ಲ. 1972ರಲ್ಲಿಯೇ ಅಮೆರಿಕದ ಎರಡು ದೊಡ್ಡ ಪ್ರಕಾಶನ ಸಂಸ್ಥೆಗಳಿಂದ ಇಬ್ಬರು ಬಂದಿದ್ದರು. ಒಬ್ಬ ಗೋಸ್ಟ್ ರೈಡರ್: ಸೈತಾನನಂಥವನೊಡನೆ ಒಪ್ಪಂದ ಮಾಡಿಕೊಂಡು, ರಾತ್ರಿಯಾದೊಡನೆ ತಲೆಬುರುಡೆಗೆ ಬೆಂಕಿ ಹತ್ತಿ ಮೋಟರ್ ಸೈಕಲ್ ಏರಿ ಹೊರಡುವ ತರುಣ. ಇನ್ನೊಬ್ಬ ಎಟ್ರಿಗನ್: ಜಾಕ್ ಕರ್ಬಿ ಎಂಬ ಹಿರಿಯ ಚಿತ್ರಕಾರನ ಸೃಷ್ಟಿ, ಮಾಂತ್ರಿಕ ಮರ್ಲಿನ್ ಒಬ್ಬ ಮನುಷ್ಯನ ಮೈಗೆ ಕಟ್ಟಿಹಾಕಿದ ಹಳದಿ ಮುಖದ ಪಿಶಾಚಿ. ಇಬ್ಬರೂ ಒಂದೇ ವರ್ಷದಲ್ಲಿ ಏಕೆ ಬಂದರು ಎಂದು ತಾವು ಕೇಳಬಹುದು. ಉತ್ತರ ಕಲೆಯಲ್ಲಿಲ್ಲ, ಕಟ್ಟಳೆಯಲ್ಲಿದೆ. ಚಿತ್ರಕಥೆಗಳಿಂದ ಮಕ್ಕಳು ಕೆಡುತ್ತಾರೆಂದು 1954ರಲ್ಲಿ ಅಮೆರಿಕದಲ್ಲಿ ದೊಡ್ಡ ಗುಲ್ಲೆದ್ದು ಸೆನೆಟ್ಟಿನ ವಿಚಾರಣೆಯವರೆಗೆ ಹೋಯಿತು. ಹೆದರಿದ ಪ್ರಕಾಶಕರು ತಾವೇ ಒಂದು ಸಂಹಿತೆಯನ್ನು ಮಾಡಿಕೊಂಡರು. ಅದರ ಪ್ರಕಾರ ರಕ್ತಪಿಶಾಚಿ, ತೋಳಮನುಷ್ಯ, ನಡೆದಾಡುವ ಹೆಣ, ಯಾವುದನ್ನೂ ತೋರಿಸುವಂತಿರಲಿಲ್ಲ. ಹದಿನೇಳು ವರ್ಷ ಅವುಗಳಿಗೆ ಬಹಿಷ್ಕಾರ. 1971ರಲ್ಲಿ ಸಂಹಿತೆಯನ್ನು ಸಡಿಲಿಸಿದರು. ಕಟ್ಟೆ ಒಡೆದ ಕೆರೆಯಂತೆ ಮರುವರ್ಷವೇ ದೆವ್ವಗಳೆಲ್ಲ ಹೊರಬಂದವು. ಬಂದವು ಖಳರಾಗಿ ಮಾತ್ರವಲ್ಲ, ನಾಯಕರಾಗಿಯೂ. 1992ರಲ್ಲಿ ಬಂದ ಸ್ಪಾನ್ ಎಂಬುವನದು ಇನ್ನೊಂದು ಬಗೆ. ನರಕದವರು ಅವನಿಗೆ ಕೊಟ್ಟಿರುವ ಶಕ್ತಿಗೆ ಲೆಕ್ಕವುಂಟು. ಬಳಸಿದಷ್ಟೂ ಕಡಿಮೆಯಾಗುತ್ತ ಹೋಗಿ, ಮುಗಿದ ದಿನ ಅವನು ಮರಳಿ ನರಕಕ್ಕೆ ನಡೆಯಬೇಕು. ಈ ಲೆಕ್ಕದ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ಸೀಮೆಗೆ ಬರೋಣ. ಚೌಕ ಚೌಕವಾಗಿ ಚಿತ್ರ ಬರೆದು ಕಥೆ ಹೇಳುವ ಪದ್ಧತಿಯೇ ಅಮೆರಿಕದಿಂದ ಬಂದದ್ದೆಂದು ಮೊಮ್ಮಗ ವಾದಿಸಿದ. ಅವನನ್ನು ಬಸ್ಸು ಹತ್ತಿಸಿ ತಿರುಮಕೂಡಲು ನರಸೀಪುರ ತಾಲೂಕಿನ ಸೋಮನಾಥಪುರಕ್ಕೆ ಕರೆದುಕೊಂಡು ಹೋದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವ ದೇವಾಲಯ ಅದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಯಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಜಗತಿಯ ಮೇಲೆ ನಿಂತು ಗೋಡೆಯ ಕೆಳಭಾಗವನ್ನು ನೋಡಿ. ಆನೆಗಳದೊಂದು ಸಾಲು, ಕುದುರೆ ಸವಾರರದೊಂದು ಸಾಲು, ಬಳ್ಳಿಯದೊಂದು ಸಾಲು, ಅದರ ಮೇಲೆ ಕಥೆಯ ಸಾಲು. ಬಲಗೈ ಗೋಡೆಯ ಕಡೆಗಿರುವಂತೆ ಪ್ರದಕ್ಷಿಣೆ ಹೊರಟರೆ ದಕ್ಷಿಣದಲ್ಲಿ ರಾಮಾಯಣ, ಹಿಂಭಾಗದಲ್ಲಿ ಕೃಷ್ಣನ ಕಥೆ, ಉತ್ತರದಲ್ಲಿ ಮಹಾಭಾರತ. ಇಲ್ಲಿ ಪುಟ ತಿರುಗಿಸುವವರಿಲ್ಲ, ಓದುವವನೇ ತಿರುಗಬೇಕು. ಇಂದಿನ ಚಿತ್ರಕಾರರು ಪುಟದ ಮೂಲೆಯಲ್ಲಿ ಸಹಿ ಹಾಕುವಂತೆ ಇಲ್ಲಿಯ ಶಿಲ್ಪಿಗಳೂ ಮೇಲಿನ ದೊಡ್ಡ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಹೆಚ್ಚು ಸಲ ಕಾಣುವ ಹೆಸರು ಮಲ್ಲಿತಮ್ಮನದು. ಹುಡುಗ ಹಿಂಭಾಗದಲ್ಲಿಯೇ ದಣಿದು ಕುಳಿತನೆಂಬುದನ್ನು ಮುಚ್ಚಿಡುವುದಿಲ್ಲ. ಬಿಸಿಲು ಹಾಗಿತ್ತು, ಮೇಲೆ ಬರಿಗಾಲು.

ಉತ್ತರದ ಗೋಡೆಯ ನೆರಳಿನಲ್ಲಿ ಕೂತು ಅವನಿಗೆ ಘಟೋತ್ಕಚನ ಕಥೆ ಹೇಳಿದೆ. ತಾವೆಲ್ಲ ಬಲ್ಲ ಕಥೆ. ಆದರೂ ಹೆಲ್‌ಬಾಯ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇನ್ನೊಮ್ಮೆ ಕೇಳಿದರೆ ಬೇರೆಯಾಗಿ ಕೇಳುತ್ತದೆ.

ಅರಗಿನ ಮನೆಯಿಂದ ತಪ್ಪಿಸಿಕೊಂಡ ಪಾಂಡವರು ಕಾಡಿನಲ್ಲಿದ್ದಾಗ ಭೀಮ ಹಿಡಿಂಬನೆಂಬ ರಾಕ್ಷಸನನ್ನು ಕೊಂದು ಅವನ ತಂಗಿ ಹಿಡಿಂಬೆಯನ್ನು ಕೈಹಿಡಿದ. ಆ ಹಿಡಿಂಬ ಇದ್ದದ್ದು ನಮ್ಮ ಚಿತ್ರದುರ್ಗದ ಬೆಟ್ಟದಲ್ಲಿಯೇ ಎಂದು ಆ ಊರಿನವರು ಹೇಳುತ್ತಾರೆ. ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯೂ ಇದೆ. ಹಿಡಿಂಬೆಗೆ ಹುಟ್ಟಿದ ಮಗು ಹುಟ್ಟಿದಂದೇ ಬೆಳೆದು ಆಳಾಯಿತು. ಗಡಿಗೆಯಂಥ ತಲೆ, ಅದರ ಮೇಲೆ ಕೂದಲಿಲ್ಲ; ಹಾಗಾಗಿ ಘಟೋತ್ಕಚ. ಕುಂತಿ ಅವನನ್ನು ದೂರ ತಳ್ಳಲಿಲ್ಲ. ನೀನು ಐವರಿಗೂ ಹಿರಿಯ ಮಗ, ಇವರಿಗೆ ನೆರವಾಗು ಎಂದಳು. ಬೇಕಾದಾಗ ಬಂದು ನಿಲ್ಲುತ್ತೇನೆಂದು ಮಾತುಕೊಟ್ಟು ಅವನು ತಾಯಿಯೊಡನೆ ಹೊರಟುಹೋದ. ಕರೆದೊಡನೆ ಆಕಾಶದಿಂದ ಇಳಿದು ಬರುವ ಇಂದಿನ ಸಾಹಸ ನಾಯಕರ ಲಕ್ಷಣ ಇದೇ ಅಲ್ಲವೆ? ವನವಾಸದಲ್ಲಿ ಗಂಧಮಾದನದ ಏರಿನಲ್ಲಿ ದ್ರೌಪದಿ ಬಳಲಿ ಕುಸಿದಳು. ಭೀಮ ನೆನೆದ, ಮಗ ಬಂದ, ಚಿಕ್ಕಮ್ಮನನ್ನು ಹೆಗಲ ಮೇಲೆ ಕೂಡಿಸಿಕೊಂಡು ಬೆಟ್ಟ ಹತ್ತಿಸಿದ. ಕೆಲಸ ಮುಗಿಯಿತು. ಅರಮನೆಯಲ್ಲಿ ಅವನಿಗೊಂದು ಪೀಠವಿತ್ತೆ, ಪಟ್ಟದ ಮಾತು ಬಂದಾಗ ಈ ಹಿರಿಯ ಮಗನ ಹೆಸರು ಬಂತೆ ಎಂದು ಹುಡುಕಿದರೆ ಸಿಗುವುದಿಲ್ಲ.

ಅವನನ್ನು ಮತ್ತೆ ನೆನೆದದ್ದು ಕುರುಕ್ಷೇತ್ರದಲ್ಲಿ. ಹದಿನಾಲ್ಕನೆಯ ದಿನ ಸೈಂಧವ ಸತ್ತ ಮೇಲೂ ಯುದ್ಧ ನಿಲ್ಲದೆ ರಾತ್ರಿಗೆ ಮುಂದುವರಿಯಿತು. ಪಂಜು ಹಿಡಿದು ಕಾದಾಡಿದರು. ರಾತ್ರಿ ರಕ್ಕಸರ ಬಲ ಹೆಚ್ಚುವ ಹೊತ್ತು. ಘಟೋತ್ಕಚ ಮಾಯೆಯಿಂದ ಬೆಟ್ಟವಾದ, ಮೋಡವಾದ, ಕಲ್ಲಿನ ಮಳೆ ಸುರಿಸಿದ. ಅದೇ ರಾತ್ರಿ ಅವನ ಮಗ ಅಂಜನಪರ್ವನನ್ನು ಅಶ್ವತ್ಥಾಮ ಕೊಂದಿದ್ದ. ಕೌರವರ ಸೇನೆ ದಿಕ್ಕೆಟ್ಟು, ಕಾಪಾಡು ಎಂದು ಕರ್ಣನ ಮುಂದೆ ಕೂಗಿಕೊಂಡಿತು. ಕರ್ಣನ ಬಳಿ ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದಿತ್ತು. ಒಂದೇ ಸಲಕ್ಕೆ, ಒಬ್ಬನೇ ವೈರಿಗೆ. ಅರ್ಜುನನಿಗೆಂದು ವರ್ಷಾನುಗಟ್ಟಲೆ ಕಾದಿಟ್ಟದ್ದು. ಬೇರೆ ದಾರಿ ಕಾಣದೆ ಅದನ್ನು ಎಸೆದ. ಎದೆ ಸೀಳಿತು. ಸಾಯುವ ಗಳಿಗೆಯಲ್ಲಿಯೂ ಘಟೋತ್ಕಚ ಮೈಯನ್ನು ಬೆಟ್ಟದಂತೆ ಬೆಳೆಸಿಕೊಂಡು ಶತ್ರುಗಳ ಮೇಲೆಯೇ ಉರುಳಿದ. ಅವನ ಹೆಣದ ಕೆಳಗೆ ಒಂದು ಅಕ್ಷೋಹಿಣಿ ನುಚ್ಚುನೂರಾಯಿತು. ಅಕ್ಷೋಹಿಣಿಯೆಂದರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಲೆಕ್ಕ ಕೇಳಿ ಮೊಮ್ಮಗನ ಕಣ್ಣು ಅರಳಿತು.

ಮುಂದಿನದನ್ನು ಹೇಳಲು ನಾನೇ ಸ್ವಲ್ಪ ಹಿಂಜರಿದೆ. ಪಾಂಡವರೆಲ್ಲ ಕಣ್ಣೀರಿಡುತ್ತಿದ್ದಾಗ ಕೃಷ್ಣ ಮಾತ್ರ ಸಿಂಹನಾದ ಮಾಡಿ, ಅರ್ಜುನನನ್ನು ಅಪ್ಪಿಕೊಂಡು, ಗಾಳಿಗೆ ಸಿಕ್ಕ ಮರದ ಹಾಗೆ ಕುಣಿದನಂತೆ. ಅರ್ಜುನನಿಗೇ ಇದು ಸರಿಕಾಣಲಿಲ್ಲ. ಮಗ ಸತ್ತಿರುವಾಗ ಇದೇನು ಎಂದು ಕೇಳಿದ. ಕೃಷ್ಣನ ಉತ್ತರದಲ್ಲಿ ಎರಡು ಭಾಗವಿದೆ. ಕರ್ಣನ ಕೈಯ ಶಕ್ತಿ ಬರಿದಾಯಿತು, ಇನ್ನು ನೀನು ಬದುಕಿದೆ ಎಂಬುದು ಒಂದು. ಇದು ಯುದ್ಧದ ಲೆಕ್ಕ, ಅರ್ಥವಾಗುತ್ತದೆ. ಎರಡನೆಯದು ಹೆಚ್ಚು ಚುಚ್ಚುತ್ತದೆ. ಇವನು ಯಜ್ಞಗಳನ್ನೂ ಬ್ರಾಹ್ಮಣರನ್ನೂ ದ್ವೇಷಿಸುವ ರಾಕ್ಷಸ. ಕರ್ಣ ಕೊಲ್ಲದಿದ್ದರೆ ಮುಂದೆ ನಾನೇ ಕೊಲ್ಲಬೇಕಾಗುತ್ತಿತ್ತು. ನಿಮ್ಮ ಮುಖ ನೋಡಿ ಇಷ್ಟು ದಿನ ಬಿಟ್ಟಿದ್ದೆ ಎಂದು ಅವನು ಹೇಳುತ್ತಾನೆ. ವ್ಯಾಸಭಾರತದ ದ್ರೋಣಪರ್ವದಲ್ಲಿ ಇರುವುದು ಹೀಗೆ. ಅಷ್ಟೇ ಏಕೆ, ಅವನು ಹುಟ್ಟಿದ ಆದಿಪರ್ವದಲ್ಲಿಯೇ, ಕರ್ಣನ ಆ ಶಕ್ತಿಗೆ ಎದುರಾಗಲೆಂದೇ ಇಂದ್ರ ಇವನನ್ನು ಸೃಷ್ಟಿಸಿದನೆಂಬ ಮಾತು ಬಂದುಹೋಗಿದೆ. ಅಂದರೆ ಒಂದೇ ಸಲ ಬಳಸಬಹುದಾದ ಆಯುಧಕ್ಕೆ ಒಂದೇ ಸಲ ಬಳಸಬಹುದಾದ ಮನುಷ್ಯ. ಸ್ಪಾನ್ ಎಂಬುವನ ಶಕ್ತಿಯ ಲೆಕ್ಕವನ್ನು ನೆನಪಿನಲ್ಲಿಡಿ ಎಂದದ್ದು ಇದಕ್ಕಾಗಿ. ಅಲ್ಲಿ ಲೆಕ್ಕ ಇಡುವವರು ನರಕದವರು. ಇಲ್ಲಿ ಲೆಕ್ಕ ಇಟ್ಟವರು ನಮ್ಮ ಕಡೆಯವರೇ.

ಧರ್ಮರಾಯ ಮಾತ್ರ ಲೆಕ್ಕ ಹಾಕಲಿಲ್ಲ. ಗಂಧಮಾದನದಲ್ಲಿ ದ್ರೌಪದಿಯನ್ನು ಹೊತ್ತದ್ದನ್ನು ನೆನೆನೆನೆದು ಅತ್ತ. ಸಹದೇವನ ಮೇಲೆ ನನಗೆಷ್ಟು ಪ್ರೀತಿಯೋ ಅದರ ಇಮ್ಮಡಿ ಇವನ ಮೇಲಿತ್ತೆಂದು ಕೃಷ್ಣನಿಗೆ ಹೇಳಿದ. ಕೋಪ ತಡೆಯಲಾರದೆ ತಾನೇ ಕರ್ಣನ ಮೇಲೆ ಹೊರಟವನನ್ನು ವ್ಯಾಸರು ಬಂದು ಸಮಾಧಾನ ಮಾಡಬೇಕಾಯಿತು.

ಮೊಮ್ಮಗ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ತಾತ, ಹೆಲ್‌ಬಾಯ್‌ಗೆ ಪ್ಯಾನ್‌ಕೇಕ್ ಆದರೂ ಕೊಟ್ಟರು” ಎಂದ.

ಜನ ಕೊಟ್ಟರು ಎಂದು ಅವನಿಗೆ ಹೇಳಿದೆ. ಕಾವ್ಯದ ಯುದ್ಧದಲ್ಲಿ ಸಿಗದ ಊಟ ಘಟೋತ್ಕಚನಿಗೆ ರಂಗಸ್ಥಳದಲ್ಲಿ ಸಿಕ್ಕಿತು. ಅಭಿಮನ್ಯು ಬಲರಾಮನ ಮಗಳನ್ನು ಮದುವೆಯಾಗಲು ಘಟೋತ್ಕಚ ಮಾಯೆಯಿಂದ ನೆರವಾದ ಕಥೆ ವ್ಯಾಸರಲ್ಲಿಲ್ಲ. ಅದು ಜನರ ಕಲ್ಪನೆ. ನಮ್ಮ ಯಕ್ಷಗಾನದಲ್ಲಿ ಅದು ಕನಕಾಂಗಿ ಕಲ್ಯಾಣ. ತೆಲುಗು, ತಮಿಳುಗಳಲ್ಲಿ 1957ರಲ್ಲಿ ಮಾಯಾಬಜಾರ್ ಎಂಬ ಚಲನಚಿತ್ರವಾಯಿತು. ಎಸ್. ವಿ. ರಂಗರಾವ್ ಅದರಲ್ಲಿ ಘಟೋತ್ಕಚನಾಗಿ ಕೌರವರ ಬೀಗರೌತಣದ ಭಕ್ಷ್ಯಗಳನ್ನೆಲ್ಲ ಒಬ್ಬನೇ ಕುಳಿತು ಖಾಲಿಮಾಡುವುದನ್ನು ನೋಡಿದವರು ಮರೆತಿರಲಾರರು. ಲಾಡುಗಳು ತಾವೇ ಹಾರಿ ಬಾಯಿಗೆ ಬೀಳುತ್ತವೆ! ಕಾಸರಗೋಡು, ದಕ್ಷಿಣ ಕನ್ನಡದ ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರಗಳಿಗೆ ಬಣ್ಣದ ವೇಷವೆಂದೇ ಹೆಸರು. ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ಗಂಟೆಗಟ್ಟಲೆ ಕುಳಿತು ಬರೆಯಬೇಕಾದ ಬಣ್ಣ ಅದು. ನಡುರಾತ್ರಿ ಆ ವೇಷ ಅಬ್ಬರಿಸಿಕೊಂಡು ಬರುವಾಗ ತೂಕಡಿಸುತ್ತಿದ್ದ ಮಕ್ಕಳು ಎದ್ದು ಕೂರುತ್ತಾರೆ. ಹೆದರುತ್ತಾರೆ, ಮರುದಿನ ಅದೇ ವೇಷವನ್ನು ಆಡುತ್ತಾರೆ. ಹಿಮಾಚಲದ ಮನಾಲಿಯಲ್ಲಂತೂ ಹಿಡಿಂಬೆಯೇ ದೇವಿ. 1553ರ ಮರದ ಗುಡಿ ಅವಳದು. ಮಗನಿಗೂ ಹತ್ತಿರದಲ್ಲಿಯೇ ಪೂಜೆ ಸಲ್ಲುತ್ತದೆ.

ಮುದ್ರಣದ ಚಿತ್ರಕಥೆಯಲ್ಲಿಯೂ ಕನ್ನಡಿಗರು ಹಿಂದೆ ಬಿದ್ದವರಲ್ಲ. ಅಮರ ಚಿತ್ರ ಕಥೆಯೆಂದರೆ ಎಲ್ಲರಿಗೂ ನೆನಪಾಗುವ ಅನಂತ ಪೈ ಹುಟ್ಟಿದ್ದು 1929ರಲ್ಲಿ, ನಮ್ಮ ಕಾರ್ಕಳದಲ್ಲಿ. ಅವರ ಮಾಲೆ 1967ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅದಕ್ಕೂ ಎರಡು ವರ್ಷ ಮೊದಲೇ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನಲ್ಲಿದ್ದ ಜಿ. ಕೆ. ಅನಂತರಾಮ್ ಅವರು ಕನ್ನಡದಲ್ಲಿ ಇಂಥ ಪುಸ್ತಕಗಳನ್ನು ಹೊರತಂದಿದ್ದರು. ಆ ಮಾಲೆಯಲ್ಲಿ ಘಟೋತ್ಕಚನಿಗೂ ಒಂದು ಪುಸ್ತಕ ಮೀಸಲಾಯಿತು.

ಇಲ್ಲಿ ಒಂದು ಭೇದವನ್ನು ಹೇಳದೆ ಮುಂದೆ ಹೋಗಬಾರದು. ಪಶ್ಚಿಮದ ಪಿಶಾಚಿ ಸ್ವಭಾವತಃ ಕೆಟ್ಟದ್ದು. ದೇವರಿಗೆ ಎದುರುಬಿದ್ದು ನರಕಕ್ಕೆ ಬಿದ್ದದ್ದು. ಆದ್ದರಿಂದ ಅಂಥವನು ಒಳ್ಳೆಯವನಾದರೆ ಅದೇ ಒಂದು ಸೋಜಿಗದ ಕಥೆ. ನಮ್ಮ ಪುರಾಣಗಳಲ್ಲಿ ಅಸುರರೆಂಬುದು ಒಂದು ಕುಲ. ಕಶ್ಯಪನಿಗೆ ಅದಿತಿಯಲ್ಲಿ ಆದಿತ್ಯರು ಹುಟ್ಟಿದರು, ದಿತಿಯಲ್ಲಿ ದೈತ್ಯರು, ದನುವಿನಲ್ಲಿ ದಾನವರು. ದಾಯಾದಿಗಳು, ಜಗಳವೂ ದಾಯಾದಿಗಳದೇ. ಕುಲ ಒಂದಾದ ಮೇಲೆ ಒಳಗೆ ಒಳ್ಳೆಯವರು, ಕೆಟ್ಟವರು, ಎರಡೂ ಆದವರು ಇದ್ದೇ ಇರುತ್ತಾರೆ.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಕಪಿಲೆಯ ದಂಡೆಯೇ ಸಾಕು. ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸಂಗಮದ ದಡದಲ್ಲಿ, ನರಸೀಪುರದಲ್ಲಿ, ಗುಂಜಾ ನರಸಿಂಹಸ್ವಾಮಿ. ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಊರಿನವರು ಹೆಮ್ಮೆಪಡುವ ಕ್ಷೇತ್ರ. ನರಸಿಂಹನೆಂದರೆ ಪ್ರಹ್ಲಾದನ ಕಥೆ ಬಂದೇ ಬರುತ್ತದೆ. ಪ್ರಹ್ಲಾದ ಯಾರು? ಹಿರಣ್ಯಕಶಿಪುವಿನ ಮಗ, ಅಪ್ಪಟ ದೈತ್ಯ. ಅವನನ್ನು ಕಾಯಲು ದೇವರೇ ಉಗುರು ಕೋರೆಹಲ್ಲುಗಳ ಘೋರ ರೂಪ ತಾಳಬೇಕಾಯಿತು. ಆ ಕಂಬದ ಮುಂದೆ ರಕ್ಕಸನಂತೆ ಕಂಡವನು ದೇವರು, ದೇವರ ಕಡೆಯವನಾಗಿ ನಿಂತವನು ರಕ್ಕಸರ ಹುಡುಗ.

ನದಿಯ ಮೇಲುಗಡೆ ನಂಜನಗೂಡಿನಲ್ಲಿ ಇದೇ ಮನೆತನದ ಇನ್ನೊಬ್ಬ ಹುಡುಗನ ಕಥೆ ನಡೆಯುತ್ತದೆ. ಅವನು ಅಂಧಕ. ಶಿವಪುರಾಣದ ಪ್ರಕಾರ ಪಾರ್ವತಿ ವಿನೋದಕ್ಕೆ ಶಿವನ ಕಣ್ಣುಗಳನ್ನು ಮುಚ್ಚಿದಾಗ ಲೋಕ ಕತ್ತಲಾಯಿತು. ಅವಳ ಕೈ ಬೆವರಿತು. ಆ ಬೆವರಿನಿಂದ ಕುರುಡು ಮಗುವೊಂದು ಹುಟ್ಟಿತು. ಮಕ್ಕಳಿಲ್ಲದ ಹಿರಣ್ಯಾಕ್ಷ ತಪಸ್ಸು ಮಾಡಿದಾಗ ಶಿವ ಆ ಮಗುವನ್ನು ಅವನಿಗೆ ಕೊಟ್ಟ. ಹಿರಣ್ಯಾಕ್ಷ ಹಿರಣ್ಯಕಶಿಪುವಿನ ತಮ್ಮ. ಅಲ್ಲಿಗೆ ಅಂಧಕನೂ ಪ್ರಹ್ಲಾದನೂ ಅಣ್ಣತಮ್ಮಂದಿರ ಮಕ್ಕಳಾದರು. ಕುರುಡನಿಗೆ ರಾಜ್ಯವೇಕೆ ಎಂದು ದಾಯಾದಿಗಳು ಹಾಸ್ಯ ಮಾಡಿದರು. ಮನನೊಂದು ಕಾಡಿಗೆ ಹೋಗಿ ಘೋರ ತಪಸ್ಸು ಮಾಡಿ ಕಣ್ಣನ್ನೂ ಬಲವನ್ನೂ ಪಡೆದ. ಕಣ್ಣು ಬಂದ ಮೇಲೆ ನೋಡಬಾರದ ಕಡೆ ನೋಡಿದ. ತಾಯಿಯೆಂದು ತಿಳಿಯದೆ ಪಾರ್ವತಿಯನ್ನೇ ಬಯಸಿದ. ಯುದ್ಧವಾಯಿತು. ಅವನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದಲ್ಲಿಯೂ ಒಬ್ಬೊಬ್ಬ ಅಂಧಕ ಎದ್ದ. ಆ ರಕ್ತವನ್ನು ನೆಲಕ್ಕೆ ಬೀಳಗೊಡದೆ ಕುಡಿಯಲು ದೇವಿಯರು ಬರಬೇಕಾಯಿತು. ಶಿವ ಅವನನ್ನು ತ್ರಿಶೂಲಕ್ಕೆ ಚುಚ್ಚಿ ಮೇಲೆತ್ತಿ ಹಿಡಿದ. ಎಲಿಫೆಂಟಾದ ಗುಹೆಯಲ್ಲಿ ಈ ಗಳಿಗೆಯ ಭವ್ಯ ಶಿಲ್ಪವಿದೆ.

ಪ್ರತಿವರ್ಷ ಧನುರ್ಮಾಸದಲ್ಲಿ ನಂಜನಗೂಡಿನಲ್ಲಿ ಅಂಧಕಾಸುರ ಸಂಹಾರ ನಡೆಯುತ್ತದೆ. ರಾಕ್ಷಸ ಮಂಟಪದ ಬಳಿ ನೆಲದ ಮೇಲೆ ಅಸುರನ ಚಿತ್ರ ಬರೆಯುತ್ತಾರೆ. ಶ್ರೀಕಂಠೇಶ್ವರನ ಉತ್ಸವಮೂರ್ತಿಯನ್ನು ಹೊತ್ತವರು ಆ ಚಿತ್ರವನ್ನು ತುಳಿದು ಅಳಿಸುತ್ತಾರೆ. ಚಿಕ್ಕವರಿದ್ದಾಗ ಹಿರಿಯರ ಹೆಗಲೇರಿ ನೋಡುತ್ತಿದ್ದೆವು. ಆ ಚಿತ್ರ ಯಾರದು, ಯಾರನ್ನು ತುಳಿಯುತ್ತಿದ್ದಾರೆ ಎಂದು ನಾವು ಕೇಳಿದವರಲ್ಲ.

2023ರ ಡಿಸೆಂಬರಿನಲ್ಲಿ ಆ ಪ್ರಶ್ನೆ ಬೀದಿಯಲ್ಲಿಯೇ ಎದ್ದಿತು. ಅದು ಅಂಧಕನ ಚಿತ್ರವಲ್ಲ, ಮಹಿಷನದು; ಮಹಿಷ ಈ ನಾಡಿನ ಹಿಂದಿನ ದೊರೆ, ನಮ್ಮ ಹಿರಿಯ; ಅವನನ್ನು ತುಳಿಸುವುದು ನಮಗೆ ಅವಮಾನ ಎಂದು ದಲಿತ ಸಂಘಟನೆಯ ಕೆಲವರು ತಡೆದರು. ಇದು ಹಿಂದಿನಿಂದ ನಡೆದುಬಂದ ಅಂಧಕಾಸುರನ ಸೇವೆ, ಇದಕ್ಕೂ ಮಹಿಷನಿಗೂ ಸಂಬಂಧವಿಲ್ಲ ಎಂದು ಭಕ್ತರು ವಾದಿಸಿದರು. ನೂಕುನುಗ್ಗಲಾಯಿತು, ಉತ್ಸವಮೂರ್ತಿಯ ಮೇಲೆ ನೀರೆರಚಿದರೆಂಬ ದೂರು ಪೊಲೀಸರವರೆಗೆ ಹೋಯಿತು. ಮೈಸೂರಿನಲ್ಲಿ ಮಹಿಷ ದಸರಾ ಆಚರಣೆಯ ಬಗ್ಗೆಯೂ ಇಂಥದೇ ಎಳೆದಾಟ ನಡೆದದ್ದನ್ನು ತಾವು ಬಲ್ಲಿರಿ. ಊರಿನ ಹೆಸರಿನಲ್ಲಿಯೇ ಮಹಿಷನಿದ್ದಾನೆ. ಚಾಮುಂಡಿ ಬೆಟ್ಟಕ್ಕೆ ಹೋದವರೆಲ್ಲ ಕತ್ತಿ ಹಾವು ಹಿಡಿದು ನಿಂತ ಅವನ ಪ್ರತಿಮೆಯ ಮುಂದೆ ಪಟ ತೆಗೆಸಿಕೊಳ್ಳುತ್ತಾರೆ. ಅವನನ್ನು ಬೌದ್ಧ ದೊರೆಯೆಂದು ನಂಬುವವರಿದ್ದಾರೆ. ದೇವಿ ಕೊಂದ ದುಷ್ಟನೆಂದು ನಂಬುವವರು ಇದ್ದೇ ಇದ್ದಾರೆ. ಇಬ್ಬರ ಮನೆಗಳೂ ಒಂದೇ ಊರಿನಲ್ಲಿವೆ. ಅಮೆರಿಕದವನಿಗೆ ಕೊಂಬಿನ ನಾಯಕ ಒಂದು ಪುಸ್ತಕ, ಓದಿ ಮಡಿಸಿಡಬಹುದು. ನಮಗೆ ಹಾಗಲ್ಲ. ಯಾರೋ ಒಬ್ಬರ ಕಥೆಯ ರಕ್ಕಸ ಪಕ್ಕದ ಬೀದಿಯವರ ಪೂರ್ವಜನಾಗಿರುತ್ತಾನೆ. ನನಗೆ ತೋರುವ ಮಟ್ಟಿಗೆ, ಎರಡು ಪಕ್ಷಗಳೂ ಆ ಸಂಜೆ ಒಂದು ಸಂಗತಿಯನ್ನು ಮರೆತವು. ಅಂಧಕನ ಕಥೆ ಸಂಹಾರದಲ್ಲಿ ಮುಗಿಯುವುದಿಲ್ಲ.

ತ್ರಿಶೂಲದ ತುದಿಯಲ್ಲಿ ಅವನು ಬಹುಕಾಲ ತೂಗಿದ. ಬಿಸಿಲಿಗೆ ಒಣಗಿದ, ಮಳೆಗೆ ನೆಂದ. ಮೈಯೊಳಗಿನ ರಕ್ತವೆಲ್ಲ ಬತ್ತಿ ಚರ್ಮ ಮೂಳೆಗಳು ಉಳಿದವು. ಆಗ ಅವನು ಶಿವನನ್ನು ಸ್ತುತಿಸಿದ. ಶಿವ ಅವನನ್ನು ಕೆಳಗಿಳಿಸಿ ತನ್ನ ಗಣಗಳಿಗೆ ನಾಯಕನನ್ನಾಗಿ ಮಾಡಿದ. ವಾಮನಪುರಾಣ ಆ ಗಣನಾಯಕನ ಹೆಸರನ್ನೂ ಹೇಳುತ್ತದೆ: ಭೃಂಗಿ. ಶಿವಾಲಯಗಳ ಶಿಲ್ಪದಲ್ಲಿ ಮೂರು ಕಾಲಿನ ಮೇಲೆ ಕುಣಿಯುತ್ತಿರುವ, ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲಾದ ಒಬ್ಬನನ್ನು ತಾವು ನೋಡಿದ್ದೀರಿ. ಅವನೇ.

ಬಸ್ಸಿನಲ್ಲಿ ಹಿಂದಿರುಗುವಾಗ ಇಷ್ಟನ್ನೂ ಮೊಮ್ಮಗನಿಗೆ ಹೇಳಿದೆ. ಭೃಂಗಿಗೆ ಮೂರನೆಯ ಕಾಲು ಏಕೆ ಎಂದು ಕೇಳಿದ. ಪಾರ್ವತಿಗೆ ನಮಸ್ಕರಿಸದೆ ಶಿವನೊಬ್ಬನಿಗೇ ಸುತ್ತು ಬಂದ ಹಟಮಾರಿ ಅವನು. ಅವಳ ಸಿಟ್ಟಿಗೆ ನಿತ್ರಾಣನಾದವನಿಗೆ ಶಿವ ಆಸರೆಗೆಂದು ಇನ್ನೊಂದು ಕಾಲು ಕೊಟ್ಟ ಎಂದೆ. “ಹಾಗಾದ್ರೆ ಅಮ್ಮನ ಮೇಲೆ ಅವನಿಗೆ ಇನ್ನೂ ಕೋಪ ಇತ್ತು” ಎಂದ ಹುಡುಗ. ನನಗೆ ಈ ಎರಡು ಕಥೆಗಳನ್ನು ಹಾಗೆ ಸೇರಿಸಿ ನೋಡಲು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ರಾತ್ರಿಗೆ ಸಿಹಿ ದೋಸೆ ಹಾಕುತ್ತಿದ್ದಳು. ಹುಡುಗ ಕೈಕಾಲು ತೊಳೆದು ಬಂದು, ಹೆಲ್‌ಬಾಯ್ ಪುಸ್ತಕದ ಹಿಂಬದಿಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಏನನ್ನೋ ಬರೆಯುತ್ತ ಕುಳಿತ. ಗಡಿಗೆಯಂಥ ಬೋಳು ತಲೆ, ಹೆಗಲ ಮೇಲೆ ಕುಳಿತ ಒಬ್ಬ ಹೆಂಗಸು, ಹಿಂದೆ ಬೆಟ್ಟ. ಕೆಳಗೆ ಮೂಲೆಯಲ್ಲಿ ಮಲ್ಲಿತಮ್ಮನ ಹಾಗೆ ತನ್ನ ಹೆಸರನ್ನೂ ಬರೆದ.